ಫ್ರೆಂಚ್ ತರಗತಿಯ ಮೊದಲ ಹತ್ತು ನಿಮಿಷ

ಫ್ರೆಂಚ್ ಕಲಿಸಲು ಹೊಸದಾಗಿ ಬಂದವರ ಪಾಠಗಳನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡುವುದು ನನ್ನ ಕೆಲಸದ ಒಂದು ಭಾಗ. ಅವರ ಪಾಠಯೋಜನೆಯಲ್ಲಿ ಮೊದಲ ಹತ್ತು ನಿಮಿಷದ ಎದುರು ‘ವಾರ್ಮ್‌ಅಪ್, ಆಟ’ ಎಂದಷ್ಟೇ ಬರೆದಿರುತ್ತದೆ. ಯಾವ ಆಟ, ಅದೇ ಏಕೆ ಎಂದು ಕೇಳಿದರೆ, “ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಬರುವವರೆಗೆ ಏನಾದರೂ ನಡೆಯುತ್ತಿರಲಿ ಅಂತ, ಮೇಡಂ” ಎನ್ನುತ್ತಾರೆ. ಬೆಂಗಳೂರಿನ ಸಂಜೆಯ ಬ್ಯಾಚುಗಳ ಕಷ್ಟ ನನಗೂ ಗೊತ್ತು. ಆದರೂ ಈ ಉತ್ತರವನ್ನು ಕೇಳಿ ಕೇಳಿ ಸಾಕಾಗಿದೆ. ಆಫೀಸಿನಿಂದ ಓಡೋಡಿ ಸಮಯಕ್ಕೆ ಸರಿಯಾಗಿ ಬಂದು ಕುಳಿತವರ ಹತ್ತು ನಿಮಿಷವನ್ನು ಬಾರದವರಿಗಾಗಿ ಕಳೆಯುವುದು ನ್ಯಾಯವಲ್ಲ.

ಇತ್ತೀಚೆಗೆ ನೋಡಿದ ಒಂದು ಎ1 (ಆರಂಭಿಕ ಹಂತದ) ತರಗತಿಯಲ್ಲಿ ಶಿಕ್ಷಕಿ ‘ಲ ಪಾಂದ್ಯು’ ಆಡಿಸಿದರು. ಒಂದೊಂದೇ ಅಕ್ಷರ ಹೇಳುತ್ತಾ ಬೋರ್ಡಿನ ಮೇಲಿನ ಪದವನ್ನು ಊಹಿಸುವ ಆಟವದು. ಅಕ್ಷರಮಾಲೆಯ ಪಾಠದ ದಿನ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ, ಏಕೆಂದರೆ ಇಂಗ್ಲಿಷಿನ ‘ಜಿ’ ಅಕ್ಷರದ ಹೆಸರು ಫ್ರೆಂಚಿನಲ್ಲಿ ‘ಝೆ’, ‘ಜೆ’ ಅಕ್ಷರದ ಹೆಸರು ‘ಝಿ’. ಗಿರಿಜಾ ಎಂಬುವವರು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಇಂಗ್ಲಿಷ್ ರೂಢಿಯಂತೆ ತಮ್ಮ ಹೆಸರಿನ ಅಕ್ಷರಗಳನ್ನು ಹೇಳಿದರೆ ಆ ಎರಡು ಅಕ್ಷರಗಳು ಅದಲುಬದಲಾಗುವುದು ಬಹುತೇಕ ಖಚಿತ. ಆದರೆ ಅಂದಿನ ಪಾಠ ಅಕ್ಷರಮಾಲೆಯದಾಗಿರಲಿಲ್ಲ. ಭೂತಕಾಲದ ‘ಪಾಸೆ ಕೊಂಪೋಝೆ’ಯದಾಗಿತ್ತು. ನಗು, ಚಪ್ಪಾಳೆ ಎಲ್ಲ ಮುಗಿದು, ಬೋರ್ಡು ಒರೆಸಿ ಕೋಷ್ಟಕ ಬರೆದಾಗ ತರಗತಿ ತಣ್ಣಗಾಯಿತು. ‘ನಾನು ತಿಂದೆ’ ಎನ್ನಲು ‘ಝೆ ಮಾಂಝೆ’ ಎನ್ನಬೇಕಾದ ಕಡೆ ಹೆಚ್ಚಿನವರು ಸಹಾಯಕ ಕ್ರಿಯಾಪದವನ್ನು ಬಿಟ್ಟು ‘ಝ ಮಾಂಝೆ’ ಎಂದೇ ಹೇಳುತ್ತಿದ್ದರು.

ಶಿಕ್ಷಕರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದೊಂದನ್ನೇ. ಅಂದಿನ ಹೊಸ ಪಾಠವು ಯಾವ ಹಳೆಯ ವಾಕ್ಯದ ಮೇಲೆ ನಿಲ್ಲುತ್ತದೆಯೋ ಆ ಹಳೆಯ ವಾಕ್ಯವು ವಾರ್ಮ್‌ಅಪ್‌ನಲ್ಲಿ ವಿದ್ಯಾರ್ಥಿಗಳ ಬಾಯಲ್ಲಿ ಹಲವು ಸಲ ಆಡಬೇಕು. ಪಾಸೆ ಕೊಂಪೋಝೆ ಬಹುಪಾಲು ನಿಲ್ಲುವುದು ‘ಬಳಿ ಇರು’ ಎಂಬ ಅರ್ಥದ ‘ಅವ್ವಾರ್’ ಕ್ರಿಯಾಪದದ ಮೇಲೆ (‘ಝೆ’ಯೊಳಗಿರುವುದು ಅದರದೇ ರೂಪ), ಮತ್ತು ಅದರ ವರ್ತಮಾನ ರೂಪಗಳನ್ನು ಅವರು ಮೊದಲ ವಾರಗಳಲ್ಲೇ ಕಲಿತಿರುತ್ತಾರೆ. ಹಾಗಾಗಿ ಜೋಡಿಗಳಲ್ಲಿ ಕೂರಿಸಿ, ಪಕ್ಕದವರ ಬ್ಯಾಗಿನಲ್ಲಿ ಏನಿದೆ ಎಂದು ಕೇಳಿಸಿ. ‘ಝೆ ಅಂ ಸ್ತಿಲೊ’, ನನ್ನ ಬಳಿ ಪೆನ್ನಿದೆ. ‘ಝ ನೆ ಪಾ ದ ಸ್ತಿಲೊ’, ನನ್ನ ಬಳಿ ಪೆನ್ನಿಲ್ಲ. ಪೆನ್ನು, ಕೊಡೆ, ನೀರಿನ ಬಾಟಲಿ, ಮೆಟ್ರೊ ಕಾರ್ಡ್ ಹೀಗೆ ಒಂದು ಸುತ್ತು ಮುಗಿಯುವ ಹೊತ್ತಿಗೆ ‘ಝೆ’ ಯೋಚಿಸದೆ ಬರತೊಡಗುತ್ತದೆ. ಆಗ ಅದೇ ‘ಝೆ’ಯ ಮುಂದೆ ‘ಮಾಂಝೆ’ ಸೇರಿಸಿದರೆ ಹೊಸ ಕಾಲ ಸಿದ್ಧವಾಗುತ್ತದೆ. ಇನ್ನೂ ದೊಡ್ಡ ಲಾಭ ನಿಷೇಧ ರೂಪದಲ್ಲಿದೆ. ‘ಝ ನೆ ಪಾ ಮಾಂಝೆ’ (ನಾನು ತಿನ್ನಲಿಲ್ಲ) ಎಂಬಲ್ಲಿ ‘ಪಾ’ ಎಲ್ಲಿ ಬರಬೇಕೆಂದು ಅರ್ಧ ಗಂಟೆ ವಿವರಿಸುವ ಶಿಕ್ಷಕರಿದ್ದಾರೆ. ಪೆನ್ನಿಲ್ಲ ಎಂದಾಗಲೇ ಆ ಜಾಗ ವಿದ್ಯಾರ್ಥಿಗಳ ಕಿವಿಗೆ ಬಿದ್ದಾಗಿರುತ್ತದೆ. ‘ಹೋಗು’, ‘ಬರು’ ಮುಂತಾದ ಕೆಲವು ಕ್ರಿಯಾಪದಗಳು ‘ಅವ್ವಾರ್’ ಬದಲು ‘ಇರು’ ಎಂಬ ಅರ್ಥದ ‘ಎತ್ರ್’ ಅನ್ನು ಹಿಡಿಯುತ್ತವೆ ಎಂಬುದು ನಿಜ. ಅದು ಇನ್ನೊಂದು ದಿನದ ಪಾಠ, ಅದರ ವಾರ್ಮ್‌ಅಪ್ ಕೂಡ ಬೇರೆಯೇ.

ನನ್ನ ಒಂದು ಬ್ಯಾಚಿನಲ್ಲಿ ಗ್ರೆನೋಬ್ಲ್‌ನಲ್ಲಿರುವ ಮೊಮ್ಮಕ್ಕಳೊಡನೆ ಮಾತಾಡಲೆಂದೇ ಫ್ರೆಂಚ್ ಕಲಿಯಲು ಬಂದ ಅಜ್ಜಿಯೊಬ್ಬರಿದ್ದರು. ಆಟವೆಂದರೆ ಸಂಕೋಚದಿಂದ ಹಿಂದೆ ಸರಿಯುತ್ತಿದ್ದ ಅವರು ಬ್ಯಾಗಿನ ಸರದಿ ಬಂದಾಗ ಪರ್ಸಿನಿಂದ ಫೋಟೊ ತೆಗೆದು, ತಮಗೆ ಇಬ್ಬರು ಮೊಮ್ಮಕ್ಕಳು ಎಂದು ಫ್ರೆಂಚಿನಲ್ಲಿ ಹೇಳಿದರು. ಅದೇ ತರಗತಿ ಮುಗಿಯುವ ಮೊದಲು, ನಿನ್ನೆ ಅವರೊಡನೆ ಫೋನಿನಲ್ಲಿ ಮಾತಾಡಿದೆ ಎಂಬುದನ್ನೂ ‘ಝೆ’ ಬಿಡದೆ ಹೇಳಿ, “ಸರಿಯಾಯ್ತೇನಮ್ಮಾ?” ಎಂದು ನನ್ನ ಮುಖ ನೋಡಿದರು. ಸರಿಯಾಗಿತ್ತು.

ವಾರ್ಮ್‌ಅಪ್‌ನಲ್ಲಿ ಹೊಸ ಪದ ತುರುಕುವುದು ಬೇಡ. ಪ್ರತಿ ತಪ್ಪಿಗೂ ಮಾತು ತಡೆಯುವುದೂ ಬೇಡ. ನಾನು ಹೇಳುತ್ತಿರುವುದು ಮುಖ್ಯವಾಗಿ ವಯಸ್ಕರ ತರಗತಿಗಳ ಅನುಭವದಿಂದ. ಆರನೆಯ ತರಗತಿಯ ಮಕ್ಕಳಿಗೆ ಸುಮ್ಮನೆ ಎದ್ದು ಕುಣಿಯುವುದೂ ಕೆಲವೊಮ್ಮೆ ಬೇಕಾಗಬಹುದು, ಅದನ್ನು ಅವರ ಶಿಕ್ಷಕರೇ ಚೆನ್ನಾಗಿ ಬಲ್ಲರು. ಫ್ರೆಂಚ್ ಭಾಷಾ ಪ್ರಮಾಣಪತ್ರದ ಡೆಲ್ಫ್ ಎ1 ಪರೀಕ್ಷೆಗೆ ಕೂರುವ ಬ್ಯಾಚಾದರೆ ಆಯ್ಕೆ ಇನ್ನೂ ಸುಲಭ. ಅದರ ಮೌಖಿಕ ಭಾಗದಲ್ಲಿ ಒಂದೊಂದೇ ಪದವಿರುವ ಚೀಟಿಗಳನ್ನು ಕೊಟ್ಟು, ಆ ಪದವನ್ನು ಆಧರಿಸಿ ಪರೀಕ್ಷಕರಿಗೇ ಪ್ರಶ್ನೆ ಕೇಳಲು ಹೇಳುತ್ತಾರೆ. ಉತ್ತರಿಸುವುದಷ್ಟನ್ನೇ ಅಭ್ಯಾಸ ಮಾಡಿದವರು ಅಲ್ಲಿ ತಡವರಿಸುತ್ತಾರೆ. ಪ್ರಶ್ನಾವಾಕ್ಯಗಳ ಪಾಠದ ದಿನ ‘ಕುಟುಂಬ’, ‘ಕ್ರೀಡೆ’, ‘ರಜೆ’ ಎಂಬ ಪದಗಳನ್ನು ಫ್ರೆಂಚಿನಲ್ಲಿ ಬರೆದ ಹತ್ತಾರು ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ಸಾಕು. ತಡವಾಗಿ ಬಂದವರು ಬಾಗಿಲಿನ ಬಳಿಯೇ ಒಂದು ಚೀಟಿ ಎತ್ತಿಕೊಂಡು, ಪಕ್ಕದವರಿಗೆ ಪ್ರಶ್ನೆ ಕೇಳುತ್ತಲೇ ಕುಳಿತುಕೊಳ್ಳಬಹುದು.