‘ಶಾರ್ಟ್ ಆಗಿದೆ’ ಅಂದ್ರೆ ಏನು? ಸ್ಪೀಕರ್ ವೈರಿನ ಒಂದೇ ಒಂದು ಎಳೆ

ನವರಾತ್ರಿಗೆ ಗೊಂಬೆ ಕೂರಿಸಿದ್ದೆವು. ಮೆಟ್ಟಿಲುಗಳ ಹಿಂದೆ ಎರಡು ಸ್ಪೀಕರ್ ಇಟ್ಟು, ಗೊಂಬೆ ನೋಡೋಕೆ ಬಂದವರಿಗೆ ಸಣ್ಣಗೆ ವೀಣೆ ಕೇಳಿಸಬೇಕು ಅಂತ ನನ್ನ ಆಸೆ. ಆಂಪ್ಲಿಫೈಯರ್ ಅಪ್ಪನ ಕಾಲದ್ದು. ವೈರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಎಡಗಡೆ ವೀಣೆ ಬಂತು, ಬಲಗಡೆ ಸದ್ದೇ ಇಲ್ಲ. ಬುದ್ಧಿವಂತನ ಹಾಗೆ ವಾಲ್ಯೂಮ್ ಇನ್ನಷ್ಟು ಏರಿಸಿದೆ. ಐದು ನಿಮಿಷದಲ್ಲಿ ಸುಟ್ಟ ವಾಸನೆ.

ಅಗ್ರಹಾರದ ಕಡೆ ಒಂದು ರಿಪೇರಿ ಅಂಗಡಿ ಇದೆ. ಅವರು ಮುಚ್ಚಳ ಬಿಚ್ಚಿ ನೋಡಿ, "ಔಟ್‌ಪುಟ್ ಹೋಗಿದೆ ಸಾರ್. ವೈರ್ ಶಾರ್ಟ್ ಮಾಡಿದ್ದೀರ" ಅಂದರು. ಮನೆಗೆ ಬಂದು ಹೇಳಿದರೆ ಅತ್ತೆ ಕೇಳಿದ್ದು ಒಂದೇ ಮಾತು: "ಶಾರ್ಟ್ ಆಗುತ್ತೆ ಅಂತ ಗೊತ್ತಿದ್ಮೇಲೆ ಸ್ವಲ್ಪ ಉದ್ದದ ವೈರ್ ತರಬಾರದಿತ್ತೇನೋ?"

ನಗಬೇಡಿ. ಪದ ಹೇಳುವುದೇ ಹಾಗೆ ಅಲ್ವಾ? ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ‘ಹ್ರಸ್ವಮಂಡಲ’ ಅನ್ನುತ್ತಾರೆ. ಅ, ಇ, ಉ ಹ್ರಸ್ವ ಸ್ವರ ಅಂತ ಕಲಿತೆವಲ್ಲ, ಅದೇ ಹ್ರಸ್ವ. ಆದರೆ ಇಲ್ಲಿ ಗಿಡ್ಡ ಆಗಿರುವುದು ವೈರಲ್ಲ, ಕರೆಂಟ್ ಓಡಾಡುವ ದಾರಿ. ನನ್ನನ್ನು ಕೇಳಿದರೆ ‘ಅಡ್ಡದಾರಿ’ ಅಂತ ಕರೆದಿದ್ದರೆ ಯಾರಿಗೂ ಗೊಂದಲ ಇರುತ್ತಿರಲಿಲ್ಲ.

ನಮ್ಮೂರು ಮಂಡ್ಯದ ಕಡೆ. ವಿ.ಸಿ. ನಾಲೆಯ ನೀರು ತೂಬಿನಿಂದ ಗದ್ದೆಗೆ ಬರುತ್ತೆ, ಗದ್ದೆಯಿಂದ ಗದ್ದೆಗೆ ಇಳಿದು ಕೊನೆಗೆ ಹಳ್ಳ ಸೇರುತ್ತೆ. ಒಂದೊಂದು ಬದುವೂ ಅದನ್ನು ತಡೆದು ನಿಧಾನ ಮಾಡುತ್ತೆ. ತೂಬಿನ ಪಕ್ಕದಲ್ಲೇ ಏಡಿ ಒಂದು ಬಿಲ ಕೊರೆದು, ನೀರು ಸೀದಾ ಹಳ್ಳಕ್ಕೆ ನುಗ್ಗಿತು ಅನ್ನಿ. ಗದ್ದೆ ಒಣಗುತ್ತೆ. ನೀರಿನ ರಭಸಕ್ಕೆ ತೂಬಿನ ಬುಡವೇ ಕೊಚ್ಚಿ ಹೋಗುತ್ತೆ. ಗದ್ದೆ ನಿಮ್ಮ ಸ್ಪೀಕರ್, ತೂಬು ಆಂಪ್ಲಿಫೈಯರ್, ಏಡಿ ಬಿಲ ಶಾರ್ಟ್.

ಸ್ಪೀಕರ್ ಹಿಂದೆ ‘8 ಓಮ್’ ಅಂತ ಬರೆದಿರುತ್ತಲ್ಲ, ಅದು ಆ ಬದುವಿನ ಎತ್ತರ, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಸಣ್ಣಗೆ ವೀಣೆ ಕೇಳುವಾಗ ಸ್ಪೀಕರಿಗೆ ಹೋಗುವುದು ಸುಮಾರು 2 ವೋಲ್ಟ್ ಅಂತಿಟ್ಟುಕೊಳ್ಳಿ. 2ನ್ನು 8ರಿಂದ ಭಾಗಿಸಿ, ಕಾಲು ಆಂಪಿಯರ್ ಬಂತು. ಅದೇ ಎರಡು ವೈರು ಒಂದಕ್ಕೊಂದು ತಾಗಿದರೆ ಉಳಿಯುವ ತಡೆ 0.1 ಓಮ್ ಇದ್ದರೆ ಜಾಸ್ತಿ. ಈಗ ಲೆಕ್ಕ 20 ಆಂಪಿಯರ್! ಅಷ್ಟು ಕೊಡುವ ತಾಕತ್ತು ಅಪ್ಪನ ಆಂಪ್ಲಿಫೈಯರಿಗೆ ಎಲ್ಲಿಂದ ಬರಬೇಕು? ಕೊಡೋಕೆ ಹೋಗಿ, ಸ್ಪೀಕರಿಗೆ ಕರೆಂಟ್ ತಳ್ಳುವ ಔಟ್‌ಪುಟ್ ಟ್ರಾನ್ಸಿಸ್ಟರ್ ತಾನೇ ಬೆಂದು ಹೋಯಿತು. ಒಳಗೆ ಫ್ಯೂಸ್ ಇತ್ತು. ಆದರೆ ಫ್ಯೂಸ್ ಕರಗುವಷ್ಟರಲ್ಲಿ ಟ್ರಾನ್ಸಿಸ್ಟರ್ ಕಥೆ ಮುಗಿದಿರುತ್ತೆ.

ಬಹಳ ಜನ ತಿಳಿದುಕೊಂಡಿರುವುದು ಶಾರ್ಟ್ ಆದರೆ ಸ್ಪೀಕರ್ ಸುಡುತ್ತೆ ಅಂತ. ಮೊದಲು ಸುಡುವುದು ಆಂಪ್ಲಿಫೈಯರ್. ಸ್ಪೀಕರ್ ಸರದಿ ಆಮೇಲೆ. ಬೆಂದ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಒಳಗೇ ಶಾರ್ಟ್ ಆಗಿ ಕೂರುತ್ತೆ. ಆಗ ಹಾಡಿನ ಬದಲು ಪವರ್ ಸಪ್ಲೈನ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಸೀದಾ ಸ್ಪೀಕರ್ ಒಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ ನುಗ್ಗುತ್ತೆ. ಕಾಯಿಲ್ ಕಾದು ಕಪ್ಪಾಗುತ್ತೆ. ಹಲವು ಹೊಸ ಆಂಪ್ಲಿಫೈಯರ್‌ಗಳಲ್ಲಿ ಇದನ್ನು ತಡೆಯೋಕೆ ರಿಲೇ, ಅಂದರೆ ತಾನೇ ಆನ್ ಆಫ್ ಆಗುವ ಸ್ವಿಚ್ ಇರುತ್ತೆ. ಆನ್ ಮಾಡಿದ ಎರಡು ಮೂರು ಸೆಕೆಂಡಿಗೆ ‘ಟಕ್’ ಅನ್ನುತ್ತಲ್ಲ, ಅದೇ. ಟಕ್ ಅನ್ನದೆ ಕೆಂಪು ಲೈಟ್ ಮಿಟುಕುತ್ತಾ ಇದ್ದರೆ ಆಫ್ ಮಾಡಿ ವೈರ್ ನೋಡಿ. ಆನ್ ಆಫ್ ಆಟ ಆಡಬೇಡಿ.

ನನ್ನ ಪುಣ್ಯ, ಸ್ಪೀಕರ್ ಉಳಿಯಿತು. ತಪ್ಪಿದ್ದು ಎಲ್ಲಿ ಅಂತ ಆಂಪ್ಲಿಫೈಯರ್ ಹಿಂದುಗಡೆ ಟಾರ್ಚ್ ಬಿಟ್ಟು ನೋಡಿದೆ. ಸ್ಪೀಕರ್ ವೈರ್ ಅಂದರೆ ಹತ್ತಾರು ಸಣ್ಣ ತಾಮ್ರದ ಎಳೆಗಳ ಕಟ್ಟು. ಕೆಂಪು ಟರ್ಮಿನಲ್‌ಗೆ ಸಿಕ್ಕಿಸಿದ್ದ ಕಟ್ಟಿನಿಂದ ಒಂದು ಎಳೆ, ಕೂದಲಿನಷ್ಟು ಸಣ್ಣದು, ಹೊರಗೆ ಚಾಚಿ ಪಕ್ಕದ ಕಪ್ಪು ಟರ್ಮಿನಲ್‌ಗೆ ತಾಗಿಕೊಂಡಿತ್ತು. ಅಷ್ಟೇ.

ವೈರಿನ ಸಿಪ್ಪೆಯನ್ನು ನಾನು ಹಲ್ಲಲ್ಲಿ ಕಚ್ಚಿ ಎಳೆದಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ತಾನೆ? ಹಾಗೆ ಎಳೆದಾಗ ನಾಲ್ಕು ಎಳೆ ತುಂಡಾಗುತ್ತೆ, ಉಳಿದವು ಪೊರಕೆ ಹಾಗೆ ಕೆದರಿಕೊಳ್ಳುತ್ತೆ. ವೈರ್ ಸ್ಟ್ರಿಪ್ಪರ್ ತುಂಬ ದುಡ್ಡಿನದ್ದೇನಲ್ಲ, ತಂದಿಟ್ಟುಕೊಳ್ಳಿ. ಸಿಪ್ಪೆ ಒಂದು ಸೆಂಟಿಮೀಟರ್ ತೆಗೆದರೆ ಸಾಕು. ಆಮೇಲೆ ದೀಪದ ಬತ್ತಿ ಹೊಸೆಯುವ ಹಾಗೆ ಬೆರಳಲ್ಲಿ ಒಂದೇ ದಿಕ್ಕಿಗೆ ಬಿಗಿಯಾಗಿ ಹೊಸೆಯಿರಿ. ಅತ್ತೆ ಕೈಗೆ ಕೊಟ್ಟಿದ್ದರೆ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಟರ್ಮಿನಲ್‌ಗೆ ಹಾಕಿದ ಮೇಲೆ ಹೊರಗೆ ತಾಮ್ರ ಕಾಣಬಾರದು, ಕಂಡರೆ ತುದಿ ಕತ್ತರಿಸಿ ಮತ್ತೆ ಹಾಕಿ. ವೈರಿನ ತುದಿಗೆ ಬನಾನಾ ಪ್ಲಗ್ ಅನ್ನೋ ಲೋಹದ ಪಿನ್ ಹಾಕಿದರೆ ಈ ತಲೆನೋವು ಎಷ್ಟೋ ಕಮ್ಮಿ. ಕೆಲವರು ತುದಿಗೆ ಸೋಲ್ಡರ್ ಬಳಿಯುತ್ತಾರೆ. ಸ್ಪ್ರಿಂಗ್ ಕ್ಲಿಪ್‌ಗೆ ಪರವಾಗಿಲ್ಲ. ಸ್ಕ್ರೂ ಟರ್ಮಿನಲ್‌ಗೆ ಬೇಡ, ಸೋಲ್ಡರ್ ಮೆತ್ತಗೆ ಅಮುಕಿಕೊಂಡು ಕಾಲಕ್ರಮದಲ್ಲಿ ಸಡಿಲ ಆಗುತ್ತೆ.

ವೈರ್ ಮುಟ್ಟುವ ಮುಂಚೆ ಆಫ್ ಮಾಡಬೇಕು ಅನ್ನೋದು ಗೊತ್ತೇ ಇದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೆ ಆಫ್ ಮಾಡಿದ ಹಾಗಲ್ಲ. ಆಫ್ ಮಾಡಿದ ಮೇಲೂ ಒಂದೆರಡು ನಿಮಿಷ ಬಿಡಿ, ಒಳಗಿನ ಕೆಪಾಸಿಟರ್ ಖಾಲಿ ಆಗಬೇಕು.

ಈ ಪದದ ಜೊತೆ ಓಡಾಡುವ ಇನ್ನೆರಡು ವಿಷಯಗಳಿವೆ. ರಿಪೇರಿಯವರು "ಕಾಯಿಲ್ ಓಪನ್ ಆಗಿದೆ" ಅಂದರೆ ಅದು ಶಾರ್ಟ್‌ನ ಉಲ್ಟಾ, ದಾರಿಯೇ ಕಡಿದು ಹೋಗಿದೆ ಅಂತ. ಇನ್ನು ಒಂದು ಸ್ಪೀಕರಿನಲ್ಲಿ ಮಾತ್ರ ಕೆಂಪು ಕಪ್ಪು ಅದಲು ಬದಲಾದರೆ ಜನ ಅದನ್ನೂ ಶಾರ್ಟ್ ಅಂದುಬಿಡುತ್ತಾರೆ. ಅಲ್ಲ. ಅದರಿಂದ ಏನೂ ಸುಡಲ್ಲ. ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತೆ, ಮೃದಂಗದ ಗುಂಕಿ, ಅಂದರೆ ಆ ದಪ್ಪ ನಾದ, ಕಾಣೆಯಾಗುತ್ತೆ, ಅಷ್ಟೇ.

ಹೊಸ ಪುಟಾಣಿ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಮಾತ್ರ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವದರಲ್ಲಿ ಕಪ್ಪು ಟರ್ಮಿನಲ್ ಅರ್ತ್ ಅಲ್ಲ, ಅಲ್ಲೂ ವೋಲ್ಟೇಜ್ ಇರುತ್ತೆ. ಎರಡು ಸ್ಪೀಕರಿನ ಕಪ್ಪು ವೈರನ್ನು ಒಂದೇ ವೈರಲ್ಲಿ ಮುಗಿಸೋಣ ಅಂತ ಜೋಡಿಸಿದಿರೋ, ಶಾರ್ಟ್ ಮಾಡಿದ ಹಾಗೇ.

ರಿಪೇರಿಯವರು ಆಂಪ್ಲಿಫೈಯರ್ ವಾಪಸ್ ಕೊಡುವಾಗ ಒಂದು ಉಪಾಯ ಹೇಳಿಕೊಟ್ಟರು. ವೈರನ್ನು ಸ್ಪೀಕರಿಗೆ ಹಾಕಿ, ಆಂಪ್ಲಿಫೈಯರ್ ಕಡೆಯ ಎರಡು ತುದಿಗಳನ್ನು ಅದಕ್ಕೆ ಸಿಕ್ಕಿಸುವ ಮೊದಲು ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್‌ಗೆ ಒಂದು ಕ್ಷಣ ಮುಟ್ಟಿಸಬೇಕು. ಸ್ಪೀಕರ್ ‘ಟಪ್’ ಅಂದರೆ ದಾರಿ ಸರಿಯಿದೆ. ಸದ್ದಿಲ್ಲ ಅಂದರೆ ಶಾರ್ಟೋ ಓಪನ್ನೋ, ಯಾವುದೋ ಒಂದು. ಸೆಲ್‌ನ ಪ್ಲಸ್ ಕೆಂಪಿಗೆ ಮುಟ್ಟಿಸಿದಾಗ ಸ್ಪೀಕರಿನ ಕೋನ್ (ಅದುರುವ ಮುಂಭಾಗ) ಮುಂದಕ್ಕೆ ಬರಬೇಕು, ಕೆಂಪು ಕಪ್ಪು ಕೂಡ ಅಲ್ಲೇ ಗೊತ್ತಾಗುತ್ತೆ.

ವಿಜಯದಶಮಿ ಹಿಂದಿನ ದಿನ ಗೊಂಬೆಗಳ ಹಿಂದೆ ತೂರಿಕೊಂಡು ಸೆಲ್ ಮುಟ್ಟಿಸಿದೆ. ಟಪ್ ಅಂತು. ಮುಂದುಗಡೆ ಕೂತಿದ್ದ ಅತ್ತೆ, "ಯಾವ ಗೊಂಬೆ ಬೀಳಿಸಿದೆಯೋ?" ಅಂತ ಕೂಗಿದರು.