ಆಂಟಿವೈರಸ್: ಗುರುತು ಹಿಡಿಯುವ ಬಗೆ, ಅದರ ಮಿತಿ

ಕಡತವೊಂದನ್ನು ತೆರೆಯಹೊರಟಾಗ, ಅದು ತೆರೆದುಕೊಳ್ಳುವ ಮುನ್ನವೇ ತಡೆದು ಪರಿಶೀಲಿಸಿ, ಒಳಗೆ ಕುತಂತ್ರಾಂಶ ಅಡಗಿದೆಯೆಂದು ಕಂಡುಬಂದರೆ ಚಾಲನೆಗೊಳ್ಳಲು ಬಿಡದ ರಕ್ಷಣಾ ತಂತ್ರಾಂಶವೇ ಆಂಟಿವೈರಸ್. ತಮ್ಮನ್ನೇ ನಕಲು ಮಾಡಿಕೊಂಡು ಹರಡುವ ವೈರಸ್, ವರ್ಮ್‌ಗಳಷ್ಟೇ ಅಲ್ಲದೆ, ಉಪಯುಕ್ತ ತಂತ್ರಾಂಶದ ವೇಷದಲ್ಲಿ ಬರುವ ಟ್ರೋಜನ್, ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್, ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರಾನ್ಸಮ್‌ವೇರ್‌ಗಳೂ ಇಂದು ಅದರ ಕಾವಲಿಗೆ ಒಳಪಟ್ಟಿವೆ.

ಇದರ ಹಳೆಯ ವಿಧಾನ ಸಿಗ್ನೇಚರ್ ಹೋಲಿಕೆ. ಈಗಾಗಲೇ ಪತ್ತೆಯಾಗಿರುವ ಕುತಂತ್ರಾಂಶಗಳ ವಿಶಿಷ್ಟ ಬೈಟ್ ಸರಣಿಗಳ ಪಟ್ಟಿಯೊಂದಿಗೆ ಕಡತವನ್ನು ಹೋಲಿಸಿ ನೋಡುವ ಈ ಕ್ರಮ ವೇಗವಾದುದು, ತಪ್ಪುವುದೂ ಕಡಿಮೆ. ಆದರೆ ಪಟ್ಟಿಗೆ ಇನ್ನೂ ಸೇರದ ಹೊಸ ಕುತಂತ್ರಾಂಶವನ್ನು, ಅಥವಾ ನಕಲಾದಾಗಲೆಲ್ಲ ರೂಪ ಬದಲಿಸುವ ಪಾಲಿಮಾರ್ಫಿಕ್ ವೈರಸ್ಸನ್ನು ಇದೊಂದರಿಂದಲೇ ಹಿಡಿಯುವುದು ಕಷ್ಟ.

ಆ ಕೊರತೆಯನ್ನು ತುಂಬಲು ಬಂದದ್ದು ವರ್ತನೆಯ ಮೇಲಿನ ನಿಗಾ. ಆಂಟಿವೈರಸ್‌ನ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಅಪರಿಚಿತ ತಂತ್ರಾಂಶವೊಂದು ಬಳಕೆದಾರರ ಫೋಟೊ, ದಾಖಲೆಗಳನ್ನು ಒಂದರ ಹಿಂದೊಂದರಂತೆ ತೆರೆದು, ಎನ್‌ಕ್ರಿಪ್ಟ್ ಮಾಡಿ (ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತರೂಪಕ್ಕೆ ಬದಲಿಸಿ), ಮೂಲ ಪ್ರತಿಗಳನ್ನು ಅಳಿಸತೊಡಗಿದರೆ, ಅದರ ಸಿಗ್ನೇಚರ್ ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದರೂ ಅದು ರಾನ್ಸಮ್‌ವೇರ್ ಆಗಿರಬಹುದೆಂದು ಊಹಿಸಿ ನಿಲ್ಲಿಸಲು ಸಾಧ್ಯವಾಗುತ್ತದೆ. ಕೆಲವು ಆಂಟಿವೈರಸ್‌ಗಳು ಅನುಮಾನಾಸ್ಪದ ಕಡತವನ್ನು ಸ್ಯಾಂಡ್‌ಬಾಕ್ಸ್ ಎಂಬ ಪ್ರತ್ಯೇಕ ಆವರಣದಲ್ಲಿ ಮೊದಲು ಓಡಿಸಿ ನೋಡುವುದೂ ಉಂಟು.

ಊಹೆ ಎಂದಮೇಲೆ ತಪ್ಪಿಗೂ ಅವಕಾಶವಿದೆ. ಎಲ್ಲ ವೈರಸ್‌ಗಳನ್ನೂ ಎಂದೂ ತಪ್ಪದೆ ಗುರುತಿಸಬಲ್ಲ ಪ್ರೋಗ್ರಾಮ್ ಇರಲು ಸಾಧ್ಯವಿಲ್ಲವೆಂಬುದನ್ನು ಗಣಕ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ತರ್ಕಬದ್ಧವಾಗಿ ತೋರಿಸಿದ್ದರು. ನಿರಪರಾಧಿ ಕಡತವೂ ಒಮ್ಮೊಮ್ಮೆ ಸಿಕ್ಕಿಬೀಳುವುದರಿಂದಲೇ, ಶಂಕಿತ ಕಡತವನ್ನು ಕೂಡಲೇ ಅಳಿಸುವ ಬದಲು, ಚಾಲನೆಗೊಳ್ಳಲಾಗದಂತೆ ಬೇರೆಡೆ ಇರಿಸಿ, ಬೇಕಾದರೆ ಮರಳಿ ಪಡೆಯಲು ಬಿಡುವ ಕ್ವಾರಂಟೈನ್ ವ್ಯವಸ್ಥೆಯಿದೆ.

ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ (ಆಪರೇಟಿಂಗ್ ಸಿಸ್ಟಮ್) ಇರುವ ಲೋಪವನ್ನು ಆಂಟಿವೈರಸ್ ಸರಿಪಡಿಸಲಾರದು. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ರಾನ್ಸಮ್‌ವೇರ್, ಅದೇ ವರ್ಷದ ಮಾರ್ಚ್‌ನಲ್ಲಿಯೇ ಮೈಕ್ರೋಸಾಫ್ಟ್ ಪರಿಹಾರ ಒದಗಿಸಿದ್ದ ವಿಂಡೋಸ್ ಲೋಪವೊಂದರ ಮೂಲಕ, ಆ ಅಪ್‌ಡೇಟ್ ಅಳವಡಿಸಿಕೊಳ್ಳದ ಕಂಪ್ಯೂಟರುಗಳಿಗೆ ನುಗ್ಗಿತ್ತು. ಹಾಗೆಯೇ, ಒಮ್ಮೆ ಎನ್‌ಕ್ರಿಪ್ಟ್ ಆದ ಕಡತಗಳು ರಾನ್ಸಮ್‌ವೇರನ್ನು ತೆಗೆದುಹಾಕಿದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ; ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ಇದ್ದರೆ ಅವುಗಳನ್ನು ಅಲ್ಲಿಂದ ಮರಳಿ ಪಡೆಯಬಹುದು.