ಬೇಸಿಗೆಯ ಕೊನೆಯಲ್ಲಿ ಸೊಪ್ಪು ಮತ್ತು ಮನೆಯೊಳಗಿನ ಗಿಡ: ಪಕ್ಷ ನೋಡಿ ಮಾಡುವ ಕೆಲಸ

ನೆಲದ ಮೇಲೆ ಬೆಳೆಯುವುದಕ್ಕೆ ಶುಕ್ಲಪಕ್ಷ. ಗೆಡ್ಡೆಗೆ, ಕತ್ತರಿ ಹಾಕುವ ಕೆಲಸಕ್ಕೆ ಕೃಷ್ಣಪಕ್ಷ. ಚಂದ್ರನ ಲೆಕ್ಕದ ಮೂಲಸೂತ್ರ ಇಷ್ಟೇ. ಸೊಪ್ಪು ಬಿತ್ತಲು ಅಮಾವಾಸ್ಯೆ ಕಳೆದ ಪಾಡ್ಯದಿಂದ ಅಷ್ಟಮಿವರೆಗಿನ ವಾರ. ಭರಣಿ, ಕೃತ್ತಿಕೆ ಮಳೆಗಳನ್ನು ಇದರೊಂದಿಗೆ ಬೆರೆಸಬೇಡಿ, ಅವು ಸೂರ್ಯ ಇರುವ ನಕ್ಷತ್ರದ ಲೆಕ್ಕ.

ಚಂದ್ರ ಮಣ್ಣಿನ ತೇವವನ್ನು ಮೇಲಕ್ಕೆಳೆಯುತ್ತಾನೆ ಎಂಬ ವಾದಕ್ಕೆ ಗಟ್ಟಿ ಪುರಾವೆಯಿಲ್ಲ. ತಿಥಿಯನ್ನು ವೇಳಾಪಟ್ಟಿಯಾಗಿ ಬಳಸಿ, ಸಾಕು. ಕೃಷ್ಣಪಕ್ಷದಲ್ಲೇ ಹದವಾದ ಮಳೆ ಬಿದ್ದರೆ ಕಾಯುತ್ತ ಕೂರಬೇಡಿ, ಬಿತ್ತಿಬಿಡಿ.

ದಂಟು, ಮೆಂತ್ಯ ಮೂರ್ನಾಲ್ಕು ದಿನದಲ್ಲಿ ಮೊಳೆಯುತ್ತವೆ. ಪಂಚಮಿಗೆ ಹಾಕಿದರೂ ಹುಣ್ಣಿಮೆಯೊಳಗೆ ಎಲೆ ಬಿಟ್ಟಿರುತ್ತವೆ. ಕೊತ್ತಂಬರಿಗೆ ಎಂಟರಿಂದ ಹನ್ನೆರಡು ದಿನ ಬೇಕು, ಅದನ್ನು ಪಾಡ್ಯ-ಬಿದಿಗೆಗೇ ಹಾಕಬೇಕು. ಕಾಳನ್ನು ಮಣೆಯ ಮೇಲೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ, ಬಸಿದು ಬಿತ್ತಿ. ಪುಡಿಯಾಗುವಷ್ಟು ಉಜ್ಜಿದರೆ ಮೊಳಕೆಯೇ ಸಾಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಇದು ಬೇಗ ಹೂವಿಗೆ ತಿರುಗುವುದರಿಂದ ಶೇ. 50ರ ನೆರಳು ಪರದೆ ಕಟ್ಟಿ. ದಂಟಿನ ಬೀಜ ತೀರಾ ಸಣ್ಣದು: ಒಂದು ಪಾಲಿಗೆ ಹತ್ತು ಪಾಲು ಒಣ ಮರಳು ಬೆರೆಸಿ ಎರಚಿ, ಮೇಲೆ ಅರ್ಧ ಸೆಂ.ಮೀ. ಮಣ್ಣು ಉದುರಿಸಿ. ಸಸಿಗಳು ಬುಡದಲ್ಲಿ ಕಪ್ಪಾಗಿ ಮಲಗಿದರೆ ಅದು ಬುಡಕೊಳೆ. ಒತ್ತಾಗಿ ಬಿತ್ತಿ ಸಂಜೆ ವಿಪರೀತ ನೀರು ಕೊಟ್ಟದ್ದರ ಫಲ. ನೀರು ಬೆಳಿಗ್ಗೆಯೇ ಕೊಡಿ. ಬಸಳೆಯಾದರೆ ಒಂದು ಗೇಣು ಬಳ್ಳಿಯ ತುಂಡನ್ನು ಎರಡು ಗೆಣ್ಣು ಮಣ್ಣೊಳಗೆ ಇರುವಂತೆ ನೆಡಿ.

ಕೃಷ್ಣಪಕ್ಷ ಮನೆಯೊಳಗಿನ ಗಿಡಗಳ ಪಾಳಿ. ಒಣಗಿದ ಎಲೆ ತೆಗೆಯಿರಿ, ಸೊರಗಿದ ಮನಿಪ್ಲಾಂಟ್ ಬಳ್ಳಿಯನ್ನು ಗೆಣ್ಣಿಗಿಂತ ತುಸು ಮೇಲೆ ಕತ್ತರಿಸಿ. ಬೋರ್‌ವೆಲ್ ನೀರು ಹಾಕುವ ಕುಂಡಗಳ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ, ಎಲೆಯ ತುದಿ ಸುಟ್ಟಂತಾಗಿದ್ದರೆ ಅದು ಉಪ್ಪು. ಪದರ ಕೆರೆದು, ಕುಂಡದ ಗಾತ್ರದ ಮೂರ್ನಾಲ್ಕು ಪಟ್ಟು ಮಳೆನೀರನ್ನು ನಿಧಾನ ಸುರಿದು ತಳದಿಂದ ಪೂರ್ತಿ ಹರಿದುಹೋಗಲು ಬಿಡಿ. ಎಲೆಯಡಿ ತೆಳು ಬಲೆ, ಮೇಲೆ ಹಳದಿ ಚುಕ್ಕೆ ಕಂಡರೆ ಕೆಂಪು ನುಸಿ: ಮೊದಲು ಎಲೆಯಡಿಗೆ ರಭಸದ ನೀರು ಹೊಡೆಯಿರಿ, ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ. ನಡುಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಕುಂಡ ಬದಲಿಸುವುದು ಮುಂದಿನ ಶುಕ್ಲಪಕ್ಷಕ್ಕೆ. ಹೊಸದು ಹಳೆಯದಕ್ಕಿಂತ ಎರಡಿಂಚು ಮಾತ್ರ ಹೆಚ್ಚು ಅಗಲವಿರಲಿ. ತೀರಾ ದೊಡ್ಡದಾದರೆ ಬೇರಿಲ್ಲದ ಮಣ್ಣು ಒದ್ದೆಯಾಗೇ ಉಳಿದು ಬೇರು ಕೊಳೆಯುತ್ತದೆ. ಸ್ನೇಕ್ ಪ್ಲಾಂಟಿನ ಎಲೆತುಂಡನ್ನು ಎರಡು ಮೂರು ದಿನ ನೆರಳಲ್ಲಿ ಒಣಗಿಸಿಯೇ ನೆಡಿ. ಹಳದಿ ಅಂಚಿನ ಜಾತಿಯಾದರೆ ಎಲೆತುಂಡಿನಿಂದ ಬರುವ ಮರಿ ಬರೀ ಹಸಿರು. ಅಂಚು ಉಳಿಯಬೇಕೆಂದರೆ ಬುಡದ ಮರಿಯನ್ನೇ ಬೇರುಸಮೇತ ಬಿಡಿಸಿ ನೆಡಬೇಕು.